ಒಂದು ಹೆಂಚು, ಐದು ಜನ: ಬೆಣ್ಣೆದೋಸೆ ಹೋಟೆಲ್ ನಡೆಸುವ ಬಗೆ

ದಾವಣಗೆರೆಯಲ್ಲಿ ಆರೆಂಟು ಟೇಬಲ್ಲಿನ ಬೆಣ್ಣೆದೋಸೆ ಹೋಟೆಲ್‌ಗೆ ಐದು ಜನ ಸಾಕು. ಗಂಡ, ಹೆಂಡತಿ, ತಮ್ಮನೋ ಅಳಿಯನೋ ಒಬ್ಬ, ಹೊರಗಿನವರು ಇಬ್ಬರು. ಇಂಥ ಹೋಟೆಲ್ ರುಚಿ ಕೆಟ್ಟು ಮುಚ್ಚುವುದಕ್ಕಿಂತ, ದೋಸೆ ಹುಯ್ಯುವವನೊಬ್ಬ ಊರಿಗೆ ಹೋದ ಅಂತ ಬಾಗಿಲು ಹಾಕುವುದೇ ಜಾಸ್ತಿ. ಹಾಗಾಗಿ ಹಿಟ್ಟು, ಹೆಂಚು, ಚಟ್ನಿ-ಪಲ್ಯ, ಗಲ್ಲಾ ಈ ನಾಲ್ಕೂ ಕೆಲಸ ತಲಾ ಇಬ್ಬರಿಗೆ ಬರಬೇಕು. ಕಲಿಸುವುದು ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಮೂರರ ಹೊತ್ತಿಗೆ. ಬೆಳಗಿನ ಗದ್ದಲದಲ್ಲಿ ಕಲಿಸಲು ಹೋದರೆ ದೋಸೆಯೂ ಸೀಯುತ್ತದೆ, ಕಲಿಯುವವನ ಮುಖವೂ ಸಪ್ಪಗಾಗುತ್ತದೆ.

ಇಬ್ಬರು ಮಾಡಿದರೂ ಒಂದೇ ಥರ ಬರಬೇಕಾದರೆ ಅಳತೆ ಗೋಡೆಯ ಮೇಲಿರಲಿ. 10 ಕೆಜಿ ದೋಸೆ ಅಕ್ಕಿಗೆ 2 ಕೆಜಿ ಉದ್ದಿನಬೇಳೆ, 100 ಗ್ರಾಂ ಮೆಂತ್ಯ, 500 ಗ್ರಾಂ ಮಂಡಕ್ಕಿ, 300 ಗ್ರಾಂ ಉಪ್ಪು. ಅಕ್ಕಿ-ಬೇಳೆ ನಾಲ್ಕೈದು ತಾಸು ನೆನೆಯಬೇಕು. ಮಂಡಕ್ಕಿಗೆ ಹತ್ತು ನಿಮಿಷ ಸಾಕು, ಹಿಂಡಿ ಹಾಕಿ. ಬೇಳೆ ರುಬ್ಬುವಾಗ ತಣ್ಣೀರು ಸ್ವಲ್ಪ ಸ್ವಲ್ಪವೇ ಬೀಳಬೇಕು. ಗ್ರೈಂಡರ್ ಕಾದರೆ ಹಿಟ್ಟು ಬೇಗ ಹುಳಿಗೆ ತಿರುಗುತ್ತದೆ. ಪಾತ್ರೆಯಲ್ಲಿ ಅರ್ಧ ಮಾತ್ರ ತುಂಬಿ, ಉಳಿದರ್ಧ ಹಿಟ್ಟು ಉಬ್ಬಲು ಬೇಕು. ಇಷ್ಟಕ್ಕೆ ಸುಮಾರು 28 ಕೆಜಿ ಹಿಟ್ಟು, ಅಂದರೆ 250 ದೋಸೆ.

ರುಬ್ಬುವ ಹೊತ್ತು ಮಾತ್ರ ವರ್ಷವಿಡೀ ಒಂದೇ ಅಲ್ಲ. ಡಿಸೆಂಬರ್-ಜನವರಿಯಲ್ಲಿ ಸಂಜೆ ಏಳಕ್ಕೇ ರುಬ್ಬಿಟ್ಟರೆ ಬೆಳಗಿನ ಆರಕ್ಕೆ ಹದ ಬರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅದೇ ಏಳಕ್ಕೆ ರುಬ್ಬಿದರೆ ನಸುಕಿನಲ್ಲೇ ಹುಳಿಯಾಗಿರುತ್ತದೆ, ಆಗ ಹತ್ತೂವರೆ ಮೇಲೆ ರುಬ್ಬಬೇಕು. ಅತಿ ಹುಳಿಯಾದ ಹಿಟ್ಟಿನ ದೋಸೆ ಕೆಂಪಗಾಗುವುದಿಲ್ಲ, ಬಿಳಿಚಿಕೊಳ್ಳುತ್ತದೆ. ಬೈಗುಳ ಬೀಳುವುದು ಹೆಂಚಿನವನಿಗೆ, ತಪ್ಪು ರಾತ್ರಿ ರುಬ್ಬಿದವನದು. ಇಬ್ಬರಿಗೂ ಎರಡೂ ಕೆಲಸ ಗೊತ್ತಿದ್ದರೆ ಈ ಜಗಳ ಅರ್ಧ ಕಡಿಮೆ.

ಹೆಂಚಿನ ಮುಂದೆ ಒಬ್ಬರನ್ನು ಎರಡು ತಾಸಿಗಿಂತ ಹೆಚ್ಚು ಕೂರಿಸಬೇಡಿ. ಸೌದೆ ಒಲೆಯ ಝಳಕ್ಕೆ ದಣಿದ ಕೈ ಸೌಟಿನ ತುಂಬ ಹಿಟ್ಟು ಎತ್ತುತ್ತದೆ, ದೋಸೆ ದಪ್ಪವಾಗುತ್ತದೆ, 250 ಆಗಬೇಕಾದ್ದು 220ಕ್ಕೆ ಮುಗಿಯುತ್ತದೆ. ಬದಲಾಗುವಾಗ ಹೊಸಬರು ಮೊದಲು ನೀರು ಚಿಮುಕಿಸಿ ನೋಡಬೇಕು. ಹನಿ ಮಣಿಯಂತೆ ಉರುಳಾಡಿದರೆ ಹೆಂಚು ಮಿತಿಮೀರಿ ಕಾದಿದೆ, ಹಿಟ್ಟು ಸೌಟಿಗೇ ಸುತ್ತಿಕೊಂಡು ಬರುತ್ತದೆ. ಒಂದು ಸೌದೆ ಹೊರಗೆಳೆಯಿರಿ. ಹನಿ ಸುಮ್ಮನೆ ಕೂತು ನಿಧಾನ ಕುದಿದರೆ ಕಾವು ಸಾಲದು, ತೂತು ಬೀಳುವುದಿಲ್ಲ. ಚುರ್ ಅಂದು ಕ್ಷಣದಲ್ಲಿ ಆರಿದರೆ ಸರಿ. ಹಳಬರು ಹೋಗುವ ಮುಂಚೆ ಹೊಸಬರ ಎರಡು ದೋಸೆ ನಿಂತು ನೋಡಲಿ.

ಬೆಣ್ಣೆ ಒಂದು ದೋಸೆಗೆ 20 ಗ್ರಾಂ. ಚಮಚ ಯಾವುದೇ ಇರಲಿ, ಹತ್ತು ಚಮಚ ತೂಗಿ 200 ಗ್ರಾಂ ಬರುತ್ತದೆಯೇ ನೋಡಿ, ಅದನ್ನೇ ಕಾಯಂ ಮಾಡಿ. ಇದು ರಾತ್ರಿಯ ಲೆಕ್ಕಕ್ಕೂ ಬೇಕು: 250 ದೋಸೆಗೆ 5 ಕೆಜಿ. ಆರು ಕೆಜಿ ಖರ್ಚಾಗಿದ್ದರೆ ಒಂದೋ ಕೈ ಸಡಿಲ, ಇಲ್ಲವೇ ಲೆಕ್ಕಕ್ಕೆ ಬಾರದ ಪ್ಲೇಟ್ ಹೋಗಿದೆ. ಯಾರ ಮೇಲೂ ಅನುಮಾನ ಪಡುವ ಮೊದಲು ಚಮಚ ಬದಲಾಗಿದೆಯೇ ನೋಡಿ. ತೊಳೆಯುವಲ್ಲಿ ಚಮಚ ಅದಲುಬದಲಾಗುವುದು ಮಾಮೂಲು.

ಪಲ್ಯದ ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನದಾದರೆ ಸಿಹಿ ಹೊಡೆಯುತ್ತದೆ, ಕೊಳ್ಳುವಾಗ ಕೇಳಿ. ಚಟ್ನಿ ಬೇಸಿಗೆಯಲ್ಲಿ ದಿನಕ್ಕೆ ಮೂರು ಸಲ ರುಬ್ಬಿ, ಹಳೆಯದಕ್ಕೆ ಹೊಸದು ಸುರಿಯಬೇಡಿ.

ಇನ್ನು ದುಡ್ಡು. ‘ನಮ್ಮವರೇ ಅಲ್ವಾ’ ಅಂತ ಬಾಯಿಮಾತಿನಲ್ಲಿ ಬಿಟ್ಟದ್ದೇ ಮುಂದೆ ಮನಸ್ತಾಪಕ್ಕೆ ಮೂಲ. ಮನೆಯವರಿಗೂ ಸಂಬಳ ಗೊತ್ತುಮಾಡಿ, ಹೊರಗಿನವರಿಗೆ ಕೊಡುವ ದಿನವೇ ಕೊಡಿ. ಗಲ್ಲಾದಿಂದ ಯಜಮಾನರು ತರಕಾರಿಗೆ ನೂರು ತೆಗೆದರೂ ಚೀಟಿ ಹಾಕಬೇಕು. ಉದ್ದರಿಗೊಂದು ಪುಸ್ತಕ, ಕೆಲಸದವರ ಅಡ್ವಾನ್ಸ್‌ಗೆ ಬೇರೆ ಪುಸ್ತಕ. ಎರಡನ್ನೂ ಒಂದರಲ್ಲಿ ಬರೆದರೆ ತಿಂಗಳ ಕೊನೆಗೆ ಯಾರದು ಯಾರ ತಲೆಗೋ ಬರುತ್ತದೆ. ಫೋನ್‌ಪೇ ದುಡ್ಡು ಯಜಮಾನರ ಫೋನಿಗೆ ಮಾತ್ರ ಬರುತ್ತಿದ್ದು, ಅವರು ಮಾರ್ಕೆಟ್ಟಿಗೆ ಹೋದರೆ ಗಲ್ಲಾದಲ್ಲಿದ್ದವರು ಗಿರಾಕಿಯ ಮುಖ ನೋಡುತ್ತ ನಿಲ್ಲಬೇಕಾಗುತ್ತದೆ. ಕೂಗಿ ಹೇಳುವ ಸ್ಪೀಕರ್ ಇಟ್ಟರೆ ಆ ತಾಪತ್ರಯವಿಲ್ಲ.

ವಾರಕ್ಕೊಂದು ರಜೆ ಸರದಿಯ ಮೇಲೆ, ಯಜಮಾನರಿಗೂ ಸೇರಿ. ಕಷ್ಟ ಬರುವುದು ಊರದೇವತೆ ದುಗ್ಗಮ್ಮನ ಜಾತ್ರೆಗೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ; ಎಲ್ಲರ ಮನೆಗೂ ನೆಂಟರು, ಎಲ್ಲರಿಗೂ ಅದೇ ದಿನ ರಜೆ ಬೇಕು. ಇಬ್ಬರನ್ನು ಹಿಡಿದಿಟ್ಟುಕೊಂಡು ಅರೆಬರೆ ನಡೆಸುವುದಕ್ಕಿಂತ ಒಂದು ತಿಂಗಳು ಮೊದಲೇ ಐವರೂ ಕೂತು ಯಾವ ದಿನ ಮುಚ್ಚುವುದೆಂದು ತೀರ್ಮಾನಿಸಿ, ಬಾಗಿಲಿಗೆ ಬೋರ್ಡ್ ಬರೆದು ಹಾಕಿ. ಮತ್ತೆ ತೆರೆಯುವ ಹಿಂದಿನ ರಾತ್ರಿ ಯಾರು ರುಬ್ಬುತ್ತಾರೆ, ಬೆಳಗ್ಗೆ ಐದಕ್ಕೆ ಬಂದು ಯಾರು ಒಲೆ ಹಚ್ಚುತ್ತಾರೆ ಅನ್ನುವುದನ್ನೂ ಅವತ್ತೇ ಹೆಸರು ಹಿಡಿದು ಬರೆದಿಡಿ.