ಹಕ್ಕಿ ಎಣಿಸುವಾಗ ಕಾಗೆಯನ್ನು ಬಿಡಬೇಡಿ

ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಇ-ಬರ್ಡ್ ಆ್ಯಪ್ ಅನ್ನು ಹೊಸದಾಗಿ ಹಾಕಿಕೊಂಡವರಿಗೆ ಒಂದು ಮಾತು. ಅಪರೂಪದ ಹಕ್ಕಿ ಕಂಡಾಗ ಮಾತ್ರ ಬರೆಯಬೇಡಿ. ಹದಿನೈದು ನಿಮಿಷ ಒಂದೇ ಕಡೆ ನಿಂತು, ಗುರುತು ಸಿಕ್ಕ ಹಕ್ಕಿಗಳನ್ನೆಲ್ಲ ಬರೆಯಿರಿ. ಕಾಗೆ, ಪಾರಿವಾಳ, ಗೊರವಂಕ ಎಲ್ಲವೂ ಬೇಕು. ಗುರುತಿಸಿದ್ದನ್ನೆಲ್ಲ ಬರೆದಿದ್ದೀರಾ ಅಂತ ಕೊನೆಗೆ ಆ್ಯಪ್ ಕೇಳುತ್ತದೆ. ಹೌದು ಅಂತ ಒತ್ತಿ. ಪೂರ್ತಿ ಪಟ್ಟಿಗೇ ಬೆಲೆ ಜಾಸ್ತಿ. ಯಾಕಂದ್ರೆ ಯಾವ ಹಕ್ಕಿ ಕಾಣಲಿಲ್ಲ ಅನ್ನೋದೂ ಅದರಿಂದ ಗೊತ್ತಾಗುತ್ತದೆ. ನೂರು ಪಟ್ಟಿಗಳಲ್ಲಿ ಗುಬ್ಬಚ್ಚಿ ಎಷ್ಟರಲ್ಲಿದೆ ಅಂತ ವರ್ಷ ವರ್ಷ ನೋಡಿದರೆ ಏರಿಳಿತ ತಿಳಿಯುತ್ತದೆ, ಅಲ್ವಾ?

ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿಗೆ ಆಧಾರ ಇಂಥ ಪಟ್ಟಿಗಳೇ. 30,000ಕ್ಕೂ ಹೆಚ್ಚು ಹಕ್ಕಿಪ್ರಿಯರು ಕೊಟ್ಟ ಸುಮಾರು 3 ಕೋಟಿ ದಾಖಲೆಗಳು!

ಇವತ್ತು ಬೆಳಿಗ್ಗೆ ನಮ್ಮ ಟೆರೇಸಿನ ಪಟ್ಟಿ: ಕಾಗೆ 6, ಪಾರಿವಾಳ 11, ಗೊರವಂಕ 2, ನೀರಿನ ಟ್ಯಾಂಕ್ ಮೇಲೆ ಬಾಲ ನಿಮಿರಿಸಿ ಹಾಡುತ್ತಿದ್ದ ಮಡಿವಾಳ ಹಕ್ಕಿ 1. ಇಷ್ಟಿದ್ದರೂ ಸಾಕು. ಗುರುತು ಸಿಗದ ಹಕ್ಕಿಗೆ ಊಹೆಯ ಮೇಲೆ ಹೆಸರು ಹಾಕಬೇಡಿ, ಸುಮ್ನೆ ಬಿಟ್ಟುಬಿಡಿ. ಫೋಟೋ ಆಸೆಗೆ ಗೂಡಿನ ಹತ್ತಿರ ಮಾತ್ರ ಹೋಗಲೇಬೇಡಿ.

ಫೆಬ್ರುವರಿಯಲ್ಲಿ ನಾಲ್ಕು ದಿನ, ಜಗತ್ತಿನೆಲ್ಲೆಡೆ ಜನ ಹಕ್ಕಿ ಎಣಿಸುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಅಷ್ಟರಲ್ಲಿ ಕೈ ಪಳಗಿರಲಿ.