ಯುದ್ಧಕಾಲದ ಫೋಟೊ ಕೈಗೆ ಬಂದರೆ ಮೊದಲು ಹಿಂಬದಿ ತಿರುಗಿಸಿ
ಯುದ್ಧಕ್ಕೆ ಹೋಗಿದ್ದ ಅಜ್ಜನದೋ ಚಿಕ್ಕಪ್ಪನದೋ ಫೋಟೊ ಸಿಕ್ಕಿತೆಂದರೆ, ಹಳೆಯ ಆಲ್ಬಮ್‌ನಿಂದ ಕಿತ್ತು ಹೊಸದಕ್ಕೆ ಸೇರಿಸುವ ಅವಸರ ಹೆಚ್ಚಿನವರಿಗೆ. ಯಾವ ಚಿತ್ರದ ಪಕ್ಕ ಯಾವುದಿತ್ತು ಎಂಬ ಸುಳಿವು ಅಲ್ಲೇ ಹಾಳಾಗುತ್ತದೆ. ಏನನ್ನೂ ಬಿಡಿಸುವ ಮುನ್ನ ಒಂದೊಂದು ಪುಟವನ್ನೂ ಇದ್ದ ಹಾಗೇ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ಪುಟಕ್ಕೆ ಅಂಟಿದ್ದರೆ ಮೇಣವಿಲ್ಲದ ಡೆಂಟಲ್ ಫ್ಲಾಸ್ ದಾರವನ್ನು ಅಡಿಗೆ ತೂರಿಸಿ, ಗರಗಸದಂತೆ ಮೆಲ್ಲಗೆ ಆಡಿಸಿ. ಜಗ್ಗದಿದ್ದರೆ ಬಿಟ್ಟುಬಿಡಿ. ಫ್ರೇಮಿನ ಗಾಜಿಗೆ ಅಂಟಿದ್ದನ್ನಂತೂ ಬಿಡಿಸಲೇಬಾರದು. ಚಿತ್ರವನ್ನು ಹೊತ್ತ ಜೆಲಟಿನ್ ಎಂಬ ಅಂಟಿನಂಥ ಪದರ ತೇವಕ್ಕೆ ಮೆತ್ತಗಾಗಿ ಗಾಜನ್ನು ಹಿಡಿದಿರುತ್ತದೆ. ಎಳೆದರೆ ಕಾಗದ ಕೈಗೆ ಬರುತ್ತದೆ, ಮುಖ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ.

ಸ್ಕ್ಯಾನಿಂಗ್‌ಗೆ 600 ಡಿಪಿಐ (ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಸಾಕು, ಅಂಗೈಗಿಂತ ಚಿಕ್ಕ ಪ್ರತಿಗೆ 1200. ಕಪ್ಪುಬಿಳುಪು ಚಿತ್ರವಾದರೂ ಕಲರ್ ಮೋಡ್‌ನಲ್ಲೇ ಇರಲಿ, ಶಾಯಿಯ ಬಣ್ಣ, ಮೊಹರಿನ ಬಣ್ಣ ಮುಂದೆ ಬೇಕಾಗುತ್ತದೆ. ಗುಣಮಟ್ಟ ಕುಂದದ ಟಿಫ್ (TIFF) ಫೈಲಾಗಿ ಉಳಿಸಿ, ಹಿಂಬದಿಯನ್ನೂ ಬಿಡಬೇಡಿ. ಸ್ಟುಡಿಯೊದ ಮುದ್ರೆ, ಸೈನಿಕನಿಗೆ ಸೇನೆ ಕೊಟ್ಟ ಸೇವಾ ಸಂಖ್ಯೆ, ಎರಡು ಅಕ್ಷರದ ಸಹಿ ಇರುವುದು ಅಲ್ಲೇ. ಸೇವಾ ಸಂಖ್ಯೆ ಸಿಕ್ಕರೆ ಸೇನಾ ದಾಖಲೆ ಹುಡುಕುವುದು ಎಷ್ಟೋ ಸುಲಭ. ಪೆನ್ಸಿಲ್ ಬರಹ ಮಾಸಿದ್ದರೆ ಟಾರ್ಚನ್ನು ಪಕ್ಕದಿಂದ, ಕಾಗದಕ್ಕೆ ತಾಗುವಷ್ಟು ಕೆಳಗೆ ಹಿಡಿಯಿರಿ. ಒತ್ತಿದ ಗೆರೆಗಳು ನೆರಳಾಗಿ ಏಳುತ್ತವೆ.

ಇನ್ನು ಮುಂಬದಿ. ನೆಗೆಟಿವ್ ತಿರುಗಿಸಿ ಮುದ್ರಿಸಿದ್ದರೆ ಎಡಬಲ ಅದಲುಬದಲಾಗಿರುತ್ತದೆ. ಗಂಡಸರ ಕೋಟಿನ ಗುಂಡಿ ಅವರ ಬಲಭಾಗದಲ್ಲಿರಬೇಕು, ಅದನ್ನು ಮೊದಲು ನೋಡಿ. ಮೊದಲ ಮಹಾಯುದ್ಧದ ಬ್ರಿಟಿಷ್ ಸಮವಸ್ತ್ರದಲ್ಲಿ ಬಲ ಮುಂಗೈ ಹತ್ತಿರದ ಸಣ್ಣ ವಿ ಗೆರೆಗಳು ಹೊರದೇಶದ ಸೇವೆಯ ಲೆಕ್ಕ, ಎಡ ಮುಂಗೈಯ ನೆಟ್ಟಗಿನ ಪಟ್ಟಿ ಗಾಯದ ಗುರುತು. ತೋಳು ತಪ್ಪಿದರೆ ಕತೆಯೇ ತಪ್ಪಿತು.

ಪದಕದ ರಿಬ್ಬನ್ನಿನಲ್ಲಿ ಎಡವುವವರೇ ಹೆಚ್ಚು. ಆಗಿನ ಆರ್ಥೊಕ್ರೊಮ್ಯಾಟಿಕ್ ಎಂಬ ಕಪ್ಪುಬಿಳುಪು ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಅದು ಕಪ್ಪಾಗಿ ಮೂಡುತ್ತದೆ, ನೀಲಿ ತೆಳುವಾಗುತ್ತದೆ. ಎರಡನೆಯ ಮಹಾಯುದ್ಧದ ಬ್ರಿಟಿಷ್ ಪದಕ 1939–45 ಸ್ಟಾರ್‌ನ ರಿಬ್ಬನ್ನಿನಲ್ಲಿ ಕಡುನೀಲಿ, ಕೆಂಪು, ತಿಳಿನೀಲಿ ಪಟ್ಟಿಗಳಿವೆ. ಅಂಥ ಫಿಲ್ಮಿನಲ್ಲಿ ನಡುವಿನದೇ ಎಲ್ಲಕ್ಕಿಂತ ಕಪ್ಪು. ಆ ಪದಕ ಜಾರಿಗೆ ಬಂದದ್ದು 1943ರಲ್ಲಿ, ಹಾಗಾಗಿ ಅದರ ರಿಬ್ಬನ್ ಎದೆಯ ಮೇಲಿದ್ದರೆ ಫೋಟೊ ಅದಕ್ಕಿಂತ ಹಿಂದಿನದಲ್ಲ. ಬಣ್ಣ ತುಂಬುವ ಆ್ಯಪ್‌ಗಳಿಗೆ ಇದ್ಯಾವುದೂ ಗೊತ್ತಿಲ್ಲ, ಊಹಿಸಿ ಬಳಿಯುತ್ತವೆ. ಬೇಕಿದ್ದರೆ ಗೋಡೆಗೆ ತೂಗುಹಾಕಲು ಒಂದು ಪ್ರತಿ ಮಾಡಿಕೊಳ್ಳಿ, ಮೂಲ ಫೈಲಿಗೆ ಕೈ ಹಚ್ಚಬೇಡಿ.

ಮನೆಯ ಹಿರಿಯರಿಗೆ ದೊಡ್ಡದಾಗಿ ಮುದ್ರಿಸಿ ತೋರಿಸಿ. "ಯುದ್ಧ ಹೇಗಿತ್ತು?" ಎಂದರೆ ಸುಮ್ಮನಾಗುತ್ತಾರೆ; "ಈ ಟೋಪಿ ಓರೆ ಇಟ್ಟುಕೊಂಡವರು ಯಾರು?" ಎಂದರೆ ಮಾತು ಶುರುವಾಗುತ್ತದೆ. ಬರೆದಿಡುವಾಗ ಫೋಟೊದ ಮೇಲೆ ಇದ್ದದ್ದು, ಯಾರೋ ಹೇಳಿದ್ದು, ನಿಮ್ಮ ಊಹೆ, ಇವು ಮೂರೂ ಬೇರೆಬೇರೆಯಾಗಿರಲಿ. ಹೇಳಿದವರ ಹೆಸರು, ತಾರೀಕು ಜೊತೆಗೇ ಬರಲಿ. ಹಿಂಬದಿಯಲ್ಲಿ ಬರೆಯಲೇಬೇಕಾದರೆ 2ಬಿ ಪೆನ್ಸಿಲ್, ಅಂಚಿನಲ್ಲಿ, ಒತ್ತದೆ. ಬಾಲ್‌ಪೆನ್ ಗೆರೆ ಮುಂಬದಿಯ ಮುಖದ ಮೇಲೆ ಉಬ್ಬಿ ನಿಲ್ಲುತ್ತದೆ.

ಮೂಲ ಫೋಟೊಗಳನ್ನು ಆಮ್ಲರಹಿತ ಕಾಗದದ ಲಕೋಟೆಯಲ್ಲಿಡಿ, ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ. ಅಂಚಿನಲ್ಲಿ 'ಸೇಫ್ಟಿ' ಎಂದಿಲ್ಲದ, ಹಳದಿಗಟ್ಟಿ ಅಂಟಂಟಾಗಿ ಘಾಟು ಬರುವ ನೆಗೆಟಿವ್ ಇದ್ದರೆ ಅದು ಸುಲಭವಾಗಿ ಹೊತ್ತಿಕೊಳ್ಳುವ ಹಳೆಯ ನೈಟ್ರೇಟ್ ಫಿಲ್ಮ್ ಇರಬಹುದು. ಬೆಂಕಿ ಹಿಡಿದರೆ ಆರಿಸಲಾಗದು. ಅದನ್ನು ಉಳಿದವುಗಳಿಂದ ಬೇರ್ಪಡಿಸಿ, ತಂಪಾದ, ಗಾಳಿಯಾಡುವ ಕಡೆ ಇಡಿ. ಸ್ಕ್ಯಾನರ್‌ನ ಬಿಸಿಗೆ ಒಡ್ಡದೆ ಚಿತ್ರ ಸಂರಕ್ಷಣೆ ಬಲ್ಲವರ ಕೈಗೆ ಕೊಡಿ.