ಜಯಧರ ಹತ್ತಿ, ಒಂದು ತಕಲಿ, 50 ಗ್ರಾಂ ನೂಲು

ಕ್ರೋಶಾಕ್ಕೆ ಬೇಕಾದ ನೂಲನ್ನು ತಕಲಿಯಲ್ಲೇ (ಬೆರಳಿನಿಂದ ತಿರುಗಿಸಿ ನೂಲುವ ಕಡ್ಡಿ) ತೆಗೆಯುವುದು ನನ್ನ ರೂಢಿ. ಇಲ್ಲಿ ಕೊಟ್ಟಿರುವ ಅಳತೆಗಳು ಜಯಧರ ಹತ್ತಿಗೆ ಹೊಂದುವಂಥವು. ಉತ್ತರ ಕರ್ನಾಟಕದ ಎರೆ ಹೊಲಗಳಲ್ಲಿ ಮಳೆಯ ನೀರನ್ನೇ ನಂಬಿ ಬೆಳೆಯುವ ದೇಸಿ ತಳಿ ಇದು. ಇದರ ಎಳೆ ಗಿಡ್ಡ, ಎರಡು ಸೆಂಟಿಮೀಟರಿಗಿಂತ ತುಸುವೇ ಉದ್ದ. ಎಳೆ ಗಿಡ್ಡವಾದಷ್ಟೂ ತಿರುವು ಬೇಗ ಏರಬೇಕು. ಆ ಹದ ಒಂದು ಕೈಗೆ ಹತ್ತಿತೆಂದರೆ ಬೇರೆ ಯಾವ ಹತ್ತಿಯೂ ಕಷ್ಟವಲ್ಲ.

50 ಗ್ರಾಂ ನೂಲು ಬೇಕಿದ್ದರೆ ಬೀಜಸಹಿತ ಹತ್ತಿ 200 ಗ್ರಾಂ ತೆಗೆದುಕೊಳ್ಳುತ್ತೇನೆ. ನೂರು ಗ್ರಾಂ ಹತ್ತಿಗೆ ಬೀಜ ತೆಗೆದ ಅರಳೆ ಸಿಗುವುದು ಸುಮಾರು 30 ಗ್ರಾಂ, ಅಂದರೆ ಒಟ್ಟು 60. ಅದರಲ್ಲಿ ಹೆಚ್ಚಿನ 10 ಗ್ರಾಂ ಕಸಕ್ಕೂ ಕೈತಪ್ಪಿಗೂ ಸರಿಹೋಗುತ್ತದೆ. ಹತ್ತಿಯನ್ನು ಒಂದು ಗಂಟೆ ಬಿಸಿಲಿಗೆ ಹಾಕಿ, ಕಾದಿರುವಾಗಲೇ ಮಣೆಯ ಮೇಲಿಟ್ಟು, ಪೆನ್ಸಿಲ್ ದಪ್ಪದ ಕಬ್ಬಿಣದ ಸಲಾಕೆಯನ್ನು ಅದರ ಮೇಲೆ ಉರುಳಿಸಿದರೆ ಬೀಜ ಮುಂದಕ್ಕೆ ಹಾರುತ್ತದೆ, ಅರಳೆ ಹಿಂದೆ ಉಳಿಯುತ್ತದೆ. ತೇವವಿದ್ದರೆ ಬೀಜ ಬಿಡುವುದಿಲ್ಲ. ಜೋರಾಗಿ ಒತ್ತಿದರೆ ಬೀಜ ಒಡೆದು ಅದರ ಚೂರು ಅರಳೆಯಲ್ಲಿ ಸೇರುತ್ತದೆ, ಆಮೇಲೆ ನೂಲಿನಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ.

ಮುಂದಿನ ಕೆಲಸ ಹಿಂಜುವುದು. ನೂಲುವಾಗ ಬರುವ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ, ಆದ್ದರಿಂದ ನನ್ನ ಅರ್ಧ ಸಮಯ ಇದಕ್ಕೇ ಹೋಗುತ್ತದೆ. ಮನೆಯಲ್ಲಿ ಹತ್ತಿ ಹಿಂಜುವ ಬಿಲ್ಲಿಗೆ ಜಾಗವಿಲ್ಲದವರು ಸಾಕು ನಾಯಿಯ ಕೂದಲು ಬಾಚುವ, ಸಣ್ಣ ತಂತಿಹಲ್ಲಿನ ಎರಡು ಬ್ರಷ್ ಬಳಸಬಹುದು. ಒಂದು ಸಲಕ್ಕೆ 2 ಗ್ರಾಂ ಅರಳೆ ಸಾಕು. ಹಲ್ಲಿಗೆ ಹಲ್ಲು ಕಚ್ಚುವಂತೆ ಒತ್ತಬಾರದು, ತುದಿಗೆ ತುದಿ ತಾಗಿಸಿ ಎಂಟು ಹತ್ತು ಸಲ ಎಳೆದರೆ ಎಳೆಗಳು ಬಿಡಿಬಿಡಿಯಾಗುತ್ತವೆ. ಅದಕ್ಕೂ ಹೆಚ್ಚು ಎಳೆದರೆ ಗಿಡ್ಡ ಎಳೆಗಳು ಮುರಿದು ಸಾಸಿವೆಯಂಥ ಸಣ್ಣ ಗಂಟುಗಳಾಗುತ್ತವೆ, ಅವು ಮತ್ತೆ ಬಿಡುವುದಿಲ್ಲ. ಬ್ರಷ್ಷನ್ನು ಬೆಳಕಿಗೆ ಹಿಡಿದು ನೋಡಿ: ಮೋಡದಂತೆ ಒಂದೇ ಸಮ ಕಂಡರೆ ಸಾಕು, ನಿಲ್ಲಿಸಬೇಕು. ಆಂಧ್ರದ ಪೊಂದೂರಿನಲ್ಲಿ ಈ ಕೆಲಸಕ್ಕೆ ವಾಲುಗ ಮೀನಿನ ದವಡೆಯನ್ನು ಬಾಚಣಿಗೆಯಂತೆ ಬಳಸುತ್ತಾರೆ, ಹಂಜಿಯನ್ನು (ನೂಲಲು ಸುತ್ತಿಟ್ಟ ಅರಳೆಯ ಸುರುಳಿ) ಒಣಗಿದ ಬಾಳೆಯ ಪಟ್ಟೆಯಲ್ಲಿ ಸುತ್ತಿ ಕಾಪಾಡುತ್ತಾರೆ. ಆ ಊರಿನ ಖಾದಿ ಅಷ್ಟು ನವಿರಾಗಿರುವುದರಲ್ಲಿ ಈ ಪೂರ್ವಸಿದ್ಧತೆಯ ಪಾಲು ದೊಡ್ಡದು.

ಹಿಂಜಿದ ಅರಳೆಯನ್ನು ಮಣೆಯ ಮೇಲೆ ತೆಳ್ಳಗೆ ಹರಡಿ, 8 ಮಿ.ಮೀ. ದಪ್ಪದ ಕಡ್ಡಿಗೆ ಸಡಿಲವಾಗಿ ಸುತ್ತಿ, ಅಂಗೈಯಿಂದ ಎರಡು ಸಲ ಉರುಳಿಸಿ ಕಡ್ಡಿ ಎಳೆದುಕೊಂಡರೆ ಹಂಜಿ ಸಿದ್ಧ. ಉದ್ದ ಒಂದು ಗೇಣಿಗಿಂತ ಕಡಿಮೆ ಇರಲಿ. ಬಿಗಿಯಾಗಿ ಸುತ್ತಿದ ಹಂಜಿಯಿಂದ ಎಳೆ ಬರುವುದಿಲ್ಲ, ಅಲ್ಲಲ್ಲಿ ಉಂಡೆ ಉಂಡೆಯಾಗಿ ಕಿತ್ತು ಬರುತ್ತದೆ. ಮಾಡಿದ ದಿನವೇ ನೂತುಬಿಡುವುದು ಒಳ್ಳೆಯದು. ಡಬ್ಬಿಯಲ್ಲಿ ಒತ್ತಿಟ್ಟ ಹಂಜಿ ವಾರದಲ್ಲಿ ಅಂಟಿಕೊಂಡಿರುತ್ತದೆ.

ತಕಲಿ ಎಂದರೆ ಒಂದು ಉಕ್ಕಿನ ಕಡ್ಡಿ, ಕೆಳಗೆ ಹಿತ್ತಾಳೆಯ ಬಿಲ್ಲೆ, ಮೇಲೆ ಕೊಕ್ಕೆ. ಗಿಡ್ಡ ಎಳೆಯ ಹತ್ತಿಗೆ ಅದನ್ನು ಗಾಳಿಯಲ್ಲಿ ತೂಗುಬಿಡಬಾರದು, ಭಾರಕ್ಕೆ ಎಳೆ ಕಡಿಯುತ್ತದೆ. ನಯವಾದ ಪಿಂಗಾಣಿ ಬಟ್ಟಲಲ್ಲೋ ತೆಂಗಿನ ಚಿಪ್ಪಿನಲ್ಲೋ ನಿಲ್ಲಿಸಿ ತಿರುಗಿಸಬೇಕು. ಬೆರಳು ಬೆವರುತ್ತಿದ್ದರೆ ಚೂರು ಸೀಮೆಸುಣ್ಣ ಹಚ್ಚಿಕೊಳ್ಳಿ. ಬಲಗೈಯಲ್ಲಿ ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸುತ್ತೇನೆ. ಎಡಗೈಯಲ್ಲಿ ಹಂಜಿಯನ್ನು ಮರಿಹಕ್ಕಿ ಹಿಡಿದಂತೆ ಹಿಡಿದು ಮೇಲಕ್ಕೆ ಎಳೆಯಬೇಕು. ನೂಲು ಕೊಕ್ಕೆಯಿಂದ ನೇರ ಮೇಲಕ್ಕಿದ್ದರೆ ತಿರುವು ಏರುತ್ತದೆ, ಕಡ್ಡಿಗೆ ಅಡ್ಡ ಹಿಡಿದರೆ ಸುತ್ತಿಕೊಳ್ಳುತ್ತದೆ.

ತಿರುವು ಯಾವಾಗಲೂ ಮೊದಲು ತೆಳು ಜಾಗಕ್ಕೇ ಓಡುತ್ತದೆ. ದಪ್ಪ ಜಾಗ ಮೆತ್ತಗೇ ಉಳಿಯುತ್ತದೆ. ಹಾಗಾಗಿ ದಪ್ಪ ಕಂಡ ಕೂಡಲೇ ಪೂರ್ತಿ ತಿರುವು ಕೊಡದೆ ಇನ್ನೊಂದು ಗೇಣು ಎಳೆಯಿರಿ. ಆ ಮೆತ್ತಗಿನ ಭಾಗ ತಾನೇ ಸರಿದು ಸಣ್ಣದಾಗುತ್ತದೆ. ತಿರುವು ಏರಿದ ಮೇಲೆ ಎಳೆದರೆ ಕಡಿಯುವುದೊಂದೇ ಗತಿ. ಕಡಿದರೆ ಗಂಟು ಹಾಕಬೇಡಿ. ತುದಿಯನ್ನು ಬಿಚ್ಚಿ ಬೀಸಣಿಗೆಯಂತೆ ಹರಡಿ, ಹಂಜಿಯ ಮೇಲೆ ಒಂದು ಇಂಚು ಮಲಗಿಸಿ ತಿರುಗಿಸಿದರೆ ಕೂಡಿಕೊಳ್ಳುತ್ತದೆ. ಮಾರ್ಚ್‌ನ ಒಣ ಮಧ್ಯಾಹ್ನದಲ್ಲಿ ಕಡಿತ ಹೆಚ್ಚು. ಹತ್ತಿಗೆ ತೇವ ಸೇರಿದಷ್ಟೂ ಗಟ್ಟಿ, ಅದಕ್ಕೆ ಬೆಳಗಿನ ಹೊತ್ತು ಅಥವಾ ಪಕ್ಕದಲ್ಲೊಂದು ಒದ್ದೆ ಬಟ್ಟೆ.

ನೂಲು ಎಷ್ಟು ಸಣ್ಣ ಎಂದು ಹೇಳುವ ನಂಬರ್ ನೋಡುವ ಲೆಕ್ಕ ಹೀಗೆ. ಹಲಗೆಯ ಮೇಲೆ 50 ಸೆಂ.ಮೀ. ಅಂತರಕ್ಕೆ ಎರಡು ಮೊಳೆ ಹೊಡೆದರೆ ಒಂದು ಸುತ್ತಿಗೆ ಒಂದು ಮೀಟರ್. ನೂರು ಸುತ್ತಿನ ಲಡಿ (ನೂಲಿನ ಕಟ್ಟು) 5 ಗ್ರಾಂ ತೂಗಿದರೆ ಗ್ರಾಮಿಗೆ 20 ಮೀಟರ್, ಅದನ್ನು 0.59ರಿಂದ ಗುಣಿಸಿದರೆ ಸುಮಾರು 12ನೇ ನಂಬರ್. ಈ ನೂಲಿಗೆ ಇಂಚಿಗೆ 14ರಷ್ಟು ತಿರುವು ಬೇಕು. ಎಣಿಸಿ ಕೂರಬೇಕಿಲ್ಲ. ಒಂದು ಮೊಳ ನೂಲನ್ನು ಸಡಿಲ ಬಿಟ್ಟಾಗ ಅದು ತನ್ನ ಮೇಲೆ ತಾನೇ ಸುರುಳಿ ಸುತ್ತಿಕೊಂಡರೆ ತಿರುವು ಸಾಕು. ಜೋಲುಬಿದ್ದರೆ ಕಡಿಮೆ, ಗಂಟು ಗಂಟಾಗಿ ಕುಗ್ಗಿದರೆ ಅತಿಯಾಯಿತು.

ಒಂಟಿ ಎಳೆಯಲ್ಲಿ ಕ್ರೋಶಾ ಹಾಕಿದರೆ ಚೌಕ ಹೋಗಿ ಓರೆಯಾಗುತ್ತದೆ, ತಿರುವು ಬಟ್ಟೆಯನ್ನೇ ಎಳೆದುಬಿಡುತ್ತದೆ. ಅದಕ್ಕೆ ಮೂರು ಕುಕ್ಕಡಿಗಳ (ತಕಲಿಯಲ್ಲಿ ನೂತು ಸುತ್ತಿದ ನೂಲು) ತುದಿ ಕೂಡಿಸಿ ಮೊದಲು ಒಂದೇ ಉಂಡೆ ಸುತ್ತಿ, ಉಂಡೆಯನ್ನು ತಂಬಿಗೆಯಲ್ಲಿಟ್ಟು (ಇಲ್ಲದಿದ್ದರೆ ಮನೆಯೆಲ್ಲಾ ಓಡಾಡುತ್ತದೆ), ತಕಲಿಯನ್ನು ಈ ಸಲ ಎಡಕ್ಕೆ ತಿರುಗಿಸಿ ಹುರಿ ಮಾಡುತ್ತೇನೆ. ಮೂರನ್ನೂ ಒಂದೇ ಬಿಗಿಯಲ್ಲಿ ಹಿಡಿಯಬೇಕು. ಒಂದು ಸಡಿಲವಾದರೆ ಅದು ಉಳಿದೆರಡರ ಮೇಲೆ ಬಳ್ಳಿಯಂತೆ ಹಬ್ಬಿಕೊಂಡು ಕ್ರೋಶಾ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. 50 ಗ್ರಾಂ ಅಂದರೆ 1000 ಮೀಟರ್ ಒಂಟಿ ಎಳೆ, ಹುರಿ ಮಾಡಿದ ಮೇಲೆ 320 ಮೀಟರ್‌ನಷ್ಟು. ಕೈ ಪಳಗಿದವರಿಗೆ ನೂಲುವುದಕ್ಕೇ ಹತ್ತು ಹನ್ನೆರಡು ಗಂಟೆ ಹಿಡಿಯುತ್ತದೆ.

ಹುರಿಯನ್ನು ಲಡಿ ಮಾಡಿ ನಾಲ್ಕು ಕಡೆ ಸಡಿಲ ಕಟ್ಟು ಹಾಕಿ, 2 ಲೀಟರ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ, ತುಸು ಸೋಪು ಸೇರಿಸಿ 45 ನಿಮಿಷ ಕುದಿಸುತ್ತೇನೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾಕ್ಕೆ ಕಪ್ಪಾಗುತ್ತದೆ. ನೀರು ಚಹಾದ ಬಣ್ಣಕ್ಕೆ ತಿರುಗುವುದು ಹತ್ತಿಯ ಮೇಣ ಮತ್ತಿತರ ಅಂಶಗಳು ಬಿಡುತ್ತಿರುವುದರಿಂದ. ಕುದಿಸದ ನೂಲು ನೀರಿನ ಮೇಲೆ ತೇಲುತ್ತದೆ, ಬಣ್ಣ ಹಾಕಿದರೆ ತೇಪೆ ತೇಪೆಯಾಗಿ ಹಿಡಿಯುತ್ತದೆ.

ಈ ದಪ್ಪಕ್ಕೆ 1.75 ಮಿ.ಮೀ. ಕ್ರೋಶಾ ಕಡ್ಡಿ ಸರಿ. ಕೈನೂಲಿನ ಏರಿಳಿತ ಜಾಲರಿಯಲ್ಲಿ ಎದ್ದು ಕಾಣುತ್ತದೆ, ಒತ್ತೊತ್ತಾದ ಹೆಣಿಗೆಯಲ್ಲಿ ಮುಚ್ಚಿಹೋಗುತ್ತದೆ. ಹುರಿ ಸೀಳುತ್ತಿದ್ದರೆ ಕಡ್ಡಿ ಬದಲಿಸಿ ಪ್ರಯೋಜನವಿಲ್ಲ. ಮುಂದಿನ ಸಲ ಹುರಿಗೆ ಇನ್ನಷ್ಟು ತಿರುವು ಕೊಡಬೇಕು.

ಪುಟ್ಟ ಮಗ್ಗವಿದ್ದವರು ಎರಡೆಳೆ ಹುರಿಯನ್ನು ಹಾಸಿನ ನೂಲಿಗೆ (ಮಗ್ಗದ ಉದ್ದ ಎಳೆಗಳು), ಒಂಟಿ ಎಳೆಯನ್ನು ಹೊಕ್ಕಿಗೆ (ಅಡ್ಡ ಎಳೆಗಳು) ಇಟ್ಟುಕೊಳ್ಳಲಿ. ಹಾಸು ಮಗ್ಗದ ಹಣಿಗೆಗೆ (ಬಾಚಣಿಗೆಯಂಥ ಭಾಗ) ಉಜ್ಜಿ ಉಜ್ಜಿ ಜುಂಗು ಏಳುತ್ತದೆ. 100 ಗ್ರಾಂ ನೂಲಿಗೆ 10 ಗ್ರಾಂ ಅಕ್ಕಿಹಿಟ್ಟನ್ನು ಅರ್ಧ ಲೀಟರ್ ನೀರಿನಲ್ಲಿ ಕುದಿಸಿ ಗಂಜಿ ಮಾಡಿ, ಅದರಲ್ಲಿ ಅದ್ದಿ ಹಿಂಡಿ, ಒಣಗುವಾಗ ಎರಡು ಮೂರು ಸಲ ಕೊಡವಬೇಕು. ಕೊಡವದಿದ್ದರೆ ಎಳೆಗಳು ಒಂದಕ್ಕೊಂದು ಅಂಟಿ ಲಡಿ ಹಪ್ಪಳವಾಗುತ್ತದೆ. ನೇಯ್ದ ಬಟ್ಟೆ ಮೊದಲ ಬಿಸಿನೀರಿನ ಒಗೆತದಲ್ಲಿ ಕುಗ್ಗುತ್ತದೆ. ಆದ್ದರಿಂದ ಒಂದು ಗೇಣು ತುಂಡು ನೇಯ್ದು ಒಗೆದು ಅಳೆದ ಮೇಲೆಯೇ ಹಾಸಿನ ಉದ್ದ ಗೊತ್ತುಮಾಡಿಕೊಳ್ಳುತ್ತೇನೆ.